ಅಮ್ಮನ ಕಾಲುಚೀಲ

ಕಾಲುಚೀಲವನ್ನು ಕುರಿತು ಅಂಕಣ ಬರೆಯಬೇಕಾದೀತೆಂದು ನಾನು ಕನಸಿನಲ್ಲಿಯೂ ಎಣಿಸಿದವನಲ್ಲ. ತರಗತಿಯಲ್ಲಿ ಹಳಗನ್ನಡ ಪದ್ಯಗಳ ಅನ್ವಯ ಹೇಳಿ ಹೊಟ್ಟೆ ಹೊರೆಯುವ ನನಗೂ ಉಣ್ಣೆಗೂ ಎಲ್ಲಿಯ ನಂಟು? ಆದರೆ ನನ್ನ ತಂಗಿ ದೆಹಲಿಯಲ್ಲಿದ್ದಾಳೆ. ಜನವರಿಯ ಮೊದಲ ವಾರದಲ್ಲಿ ಅವಳಿಗೆ ಹೆರಿಗೆಯೆಂದು ವೈದ್ಯರು ಹೇಳಿದ್ದರು. ಬಾಣಂತನಕ್ಕೆಂದು ಅಮ್ಮ ಡಿಸೆಂಬರಿನಲ್ಲಿಯೇ ಮೈಸೂರಿನಿಂದ ಹೊರಟು ನಿಂತರು. ಅಮ್ಮನಿಗೆ ಈಗ 64 ವರ್ಷ. ಈ 64 ವರ್ಷಗಳಲ್ಲಿ ಅವರ ಪಾದಗಳು ಕಾಲುಚೀಲದ ಮುಖ ಕಂಡಿಲ್ಲ.

“ನನಗ್ಯಾತಕ್ಕಪ್ಪಾ ಅದೆಲ್ಲ? ನಾನೇನು ಕಾನ್ವೆಂಟಿಗೆ ಹೋಗಬೇಕೆ?” ಎಂದು ಅವರು ನಕ್ಕುಬಿಟ್ಟರು.

ನನಗೆ ನಗು ಬರಲಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು 12 ವರ್ಷವಾಯಿತು. ಹೋದ ವರ್ಷ ಹೊಸಿಲು ಎಡವಿ ಹೆಬ್ಬೆರಳಿಗಾದ ಸಣ್ಣ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಈ ಕಾಯಿಲೆ ಹಳೆಯದಾದಂತೆ ಪಾದದ ಸ್ಪರ್ಶಜ್ಞಾನ ಕುಂದುವುದುಂಟು. ಬಿಸಿ ಸುಟ್ಟರೂ ಕಲ್ಲು ಚುಚ್ಚಿದರೂ ತಿಳಿಯದು. ಚಳಿಯಾಯಿತೆಂದು ಅಂಥ ಕಾಲಿಗೆ ಬಿಸಿನೀರಿನ ಚೀಲ ಒತ್ತುವುದಾಗಲಿ ಹೀಟರಿನ ಮುಂದೆ ಕಾಲು ಚಾಚುವುದಾಗಲಿ ಅಪಾಯ. ಉಳಿದ ದಾರಿ ಕಾಲುಚೀಲವೊಂದೇ.

ದೆಹಲಿಯ ಚಳಿಯಾದರೋ ನಮ್ಮ ಚಾಮುಂಡಿಬೆಟ್ಟದ ಮುಂಜಾವಿನ ಚಳಿಯಂಥದಲ್ಲ. 2021ರ ಜನವರಿ 1ರಂದು ಅಲ್ಲಿಯ ಉಷ್ಣತೆ 1.1 ಡಿಗ್ರಿ ಸೆಲ್ಸಿಯಸಿಗೆ ಇಳಿದಿತ್ತು. ಮನೆಯನ್ನೆಲ್ಲ ಬೆಚ್ಚಗಿಡುವ ಏರ್ಪಾಡು ಅಲ್ಲಿಯ ಹೆಚ್ಚಿನ ಮನೆಗಳಲ್ಲಿಲ್ಲ; ನೆಲಕ್ಕೆ ಕಲ್ಲು ಹಾಸಿರುತ್ತಾರೆ. ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಬರಿಗಾಲಿನಲ್ಲಿ ಓಡಾಡುವುದು ನಮ್ಮ ಸಂಸ್ಕಾರ. ನಡುರಾತ್ರಿ ಮಗು ಅತ್ತರೆ ಅಮ್ಮ ಆ ನೆಲದ ಮೇಲೆ ಬರಿಗಾಲಿನಲ್ಲಿಯೇ ಓಡುವವರೆಂಬುದರಲ್ಲಿ ನನಗೆ ಸಂದೇಹವಿರಲಿಲ್ಲ.

ಸಂಜೆಯೇ ಅಂಗಡಿಗೆ ಹೋದೆ. ಪೊಟ್ಟಣದ ಮೇಲೆ ಹಿಮಪರ್ವತದ ಚಿತ್ರ, ಅದರ ಕೆಳಗೆ ‘ಥರ್ಮಲ್’ ಎಂಬ ದಪ್ಪಕ್ಷರ. ಆರು ಜೊತೆಗೆ 300 ರೂಪಾಯಿ. ಇಷ್ಟು ಸುಲಭವೆ ಎಂದು ಹಿಗ್ಗಿ ಮನೆಗೆ ತಂದೆ. ನನ್ನ ಹೆಂಡತಿ ಹಿಮಪರ್ವತವನ್ನು ನೋಡಲಿಲ್ಲ. ಪೊಟ್ಟಣವನ್ನು ತಿರುಗಿಸಿ ಬೆನ್ನಿನ ಮೇಲಿದ್ದ ಸಣ್ಣಕ್ಷರವನ್ನು ಓದಿದಳು. “ಹತ್ತಿ, ಪಾಲಿಯೆಸ್ಟರ್. ಉಣ್ಣೆಯ ಹೆಸರೇ ಇಲ್ಲವಲ್ಲ, ರೀ!” ಎಂದಳು. ನಿಘಂಟು ನೋಡದೆ ಅರ್ಥ ಬರೆದ ವಿದ್ಯಾರ್ಥಿಯಂತೆ ನಾನು ತಲೆ ತಗ್ಗಿಸಿದೆ.

ಮರುದಿನ ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರು ನನಗೆ ಪಾಠ ಹೇಳಿದರು. “ಬಟ್ಟೆ ಕಾವನ್ನು ಹುಟ್ಟಿಸುವುದಿಲ್ಲ ಸ್ವಾಮಿ, ಇರುವ ಕಾವನ್ನು ಕಾಯುತ್ತದೆ. ಹಾಗೆ ಕಾಯುವುದು ಕೂಡ ದಾರವಲ್ಲ. ದಾರಗಳ ನಡುವೆ ಅಲುಗದೆ ನಿಂತ ಗಾಳಿ.” ಉಣ್ಣೆಯ ಎಳೆ ಸಹಜವಾಗಿಯೇ ಸುರುಳಿಯಾಗಿರುವುದರಿಂದ ಅದರ ನಡುವೆ ಗಾಳಿಗೆ ಎಡೆಯುಂಟು. ತನ್ನ ತೂಕದ ಸುಮಾರು ಶೇಕಡ 30ರಷ್ಟು ತೇವವನ್ನು ಹೀರಿದರೂ ಅದು ಒದ್ದೆಯೆನಿಸದು. ಹತ್ತಿಯೂ ಬೆವರು ಹೀರುತ್ತದೆ; ಆದರೆ ಹೀರಿ ಮೆತ್ತಗಾಗಿ ಚರ್ಮಕ್ಕೆ ಅಂಟಿ ತಣ್ಣಗಾಗುತ್ತದೆ. ಬೇಸಗೆಯಲ್ಲಿ ಹತ್ತಿ ನಮಗೆ ಪ್ರಿಯವಾದುದು ಯಾವ ಗುಣದಿಂದಲೋ ಚಳಿಗಾಲದಲ್ಲಿ ಅದೇ ಗುಣ ದೋಷವಾಗುತ್ತದೆ. ಅಕ್ರಿಲಿಕ್ ಅಗ್ಗ, ಹಗುರ, ಬೆಚ್ಚಗೂ ಹೌದು. ಆದರೆ ಬೆವರನ್ನು ಹೀರುವ ಶಕ್ತಿ ಅದಕ್ಕೆ ಬಹಳ ಕಡಮೆ.

ಹಾಗಾದರೆ ಅಪ್ಪಟ ಉಣ್ಣೆಯನ್ನೇ ಕೊಳ್ಳಬೇಕೆ? ಅದರ ಬೆಲೆ ಮೇಷ್ಟರ ಕಿಸೆಗೆ ಭಾರ. ಮೇಲಾಗಿ ಬರೀ ಉಣ್ಣೆ ಹಿಮ್ಮಡಿಯಲ್ಲಿ ಬೇಗ ಸವೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಉಣ್ಣೆಯಿದ್ದು, ಬಾಳಿಕೆಗೆ ಸ್ವಲ್ಪ ನೈಲಾನ್ ಬೆರೆಸಿದ್ದೇ ನಮ್ಮಂಥವರಿಗೆ ತಕ್ಕುದು. ಉಣ್ಣೆಯೆಂದರೆ ಕಂಬಳಿಯ ಕಡಿತ ನೆನಪಾಗುವವರು ಅಂಜಬೇಕಾಗಿಲ್ಲ. ಕಡಿಯುವುದು ಎಳೆಯ ದಪ್ಪದಿಂದ. ನಮ್ಮ ದಖ್ಖನಿ ಕುರಿಯ ಉಣ್ಣೆ ದಪ್ಪ, ಮೆರಿನೋ ಕುರಿಯದು ಬಲು ನಯ.

ಚಳಿಗಾಲ ಬಂತೆಂದರೆ ನಮ್ಮೂರ ರಸ್ತೆಯಂಚಿನಲ್ಲಿ ಟಿಬೆಟಿಯನ್ನರು ಸ್ವೆಟರುಗಳನ್ನು ಹರವುತ್ತಾರೆ. 1960ರ ದಶಕದ ಆರಂಭದಲ್ಲಿ ಬೈಲುಕುಪ್ಪೆಯಲ್ಲಿ ನೆಲೆ ಕಂಡವರ ಮಕ್ಕಳು, ಮೊಮ್ಮಕ್ಕಳು ಇವರು. ಮಾಲು ಬಹುಪಾಲು ಲೂಧಿಯಾನದ್ದು. ಅಲ್ಲಿ ಕುಳಿತಿದ್ದ ಹಿರಿಯಾಕೆ ಎರಡು ಬಗೆಯನ್ನು ತೋರಿಸಿ, “ಇದು ಅಕ್ರಿಲಿಕ್ಕು ಸಾರ್, ಇದರಲ್ಲಿ ಉಣ್ಣೆ ಇದೆ. ಅಮ್ಮನಿಗಾದರೆ ಇದೇ ತಗೊಳ್ಳಿ” ಎಂದು ಅಚ್ಚ ಮೈಸೂರು ಕನ್ನಡದಲ್ಲಿ ಹೇಳಿದರು. ಜೊತೆಗೆ 250 ರೂಪಾಯಿಯಂತೆ ಎರಡು ಜೊತೆ ಕೊಂಡೆ. ಮನೆಗೆ ಬಂದು ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದೆವು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಕೃತಕ ನೂಲು. ನಮ್ಮ ಎಳೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿತು. ಆಕೆ ಹೇಳಿದ್ದು ಸುಳ್ಳಲ್ಲ.

ಆರಿಸುವಾಗ ಮೂರು ಸಂಗತಿಗಳನ್ನು ನನ್ನ ಹೆಂಡತಿ ಗಮನಿಸಿದ್ದಳು. ಒಂದು, ಒಳಭಾಗ ನಯವಾದ ಹೆಣಿಗೆಯಾಗಿರಬೇಕು. ಗುಂಗುರು ಎಳೆ ಬಿಟ್ಟ ಹೆಣಿಗೆಗೆ ಅಮ್ಮನ ಕಾಲುಂಗುರ ಸಿಕ್ಕಿಕೊಳ್ಳುತ್ತದೆ. ಎರಡು, ಹೆಬ್ಬೆರಳಿಗೆ ಬೇರೆ ಮನೆಯಿರಬೇಕು; ಇಲ್ಲದಿದ್ದರೆ ಚಪ್ಪಲಿ ಮೆಟ್ಟಲಾಗದು, ಬರೀ ಕಾಲುಚೀಲದಲ್ಲಿ ನುಣುಪು ನೆಲದ ಮೇಲೆ ನಡೆದರೆ ಜಾರಿ ಬೀಳುವ ಭಯ. ಮೂರು, ಬಾಯಿ ಬಿಗಿಯಿರಬಾರದು. ಬಿಚ್ಚಿದಾಗ ಕಣಕಾಲಿನ ಮೇಲೆ ಪಟ್ಟಿಯ ಗುರುತು ಆಳವಾಗಿ ಉಳಿದರೆ ಅದು ರಕ್ತಸಂಚಾರಕ್ಕೆ ಅಡ್ಡಿ. ಬೆಚ್ಚಗಿರಲೆಂದು ಬಿಗಿಯಾದ ಎರಡು ಜೊತೆಯನ್ನು ಒಂದರ ಮೇಲೊಂದು ತೊಡುವುದೂ ತಪ್ಪು. ಗಾಳಿಗೆ ಎಡೆ ತಪ್ಪಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಒಂದನ್ನು ತೊಟ್ಟು, ಇನ್ನೊಂದನ್ನು ತಣ್ಣೀರಿನಲ್ಲಿ ಒಗೆದು, ಹಿಂಡದೆ ನೆರಳಿನಲ್ಲಿ ಹರವಬೇಕು. ರಾತ್ರಿ ಬಿಚ್ಚಿದಾಗ ತಂಗಿ ಅಮ್ಮನ ಪಾದಗಳನ್ನು ಒಮ್ಮೆ ನೋಡಬೇಕು. ಇಷ್ಟನ್ನೂ ಕಾಗದದಲ್ಲಿ ಬರೆದು ಪೆಟ್ಟಿಗೆಯಲ್ಲಿಟ್ಟೆ.

ಹೊರಡುವ ದಿನವೂ ಅಮ್ಮನ ತಕರಾರು ನಿಂತಿರಲಿಲ್ಲ. “ಇದನ್ನು ತೊಟ್ಟು ದೇವರಿಗೆ ದೀಪ ಹಚ್ಚುವುದು ಹೇಗೋ?” ಎಂದರು. “ಅಮ್ಮಾ, ಅಜ್ಜಿ ಮಡಿಗೆ ಉಡುತ್ತಿದ್ದ ಧಾವಳಿ ಉಣ್ಣೆಯದೇ ಅಲ್ಲವೆ?” ಎಂದೆ. ಅಮ್ಮ ಮರುಮಾತನಾಡಲಿಲ್ಲ. ಅದರಲ್ಲಿ ನೈಲಾನೂ ಇದೆಯೆಂಬುದನ್ನು ನಾನೂ ಹೇಳಲಿಲ್ಲ.

ಹೆಣ್ಣುಮಗು ಹುಟ್ಟಿ ಮೂರು ವಾರವಾಯಿತು. ಮೊನ್ನೆ ದೂರವಾಣಿಯಲ್ಲಿ ಅಮ್ಮ ಮಗುವಿನ ಮಾತೆಲ್ಲ ಮುಗಿಸಿ, “ಆ ಕಾಲುಚೀಲ ಚೆನ್ನಾಗಿದೆ ಕಣೋ. ಒಂದು ಜೊತೆಯನ್ನು ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಕೊಟ್ಟೆ. ಪಾಪ, ಆ ಚಳಿಯಲ್ಲಿ ಬರಿಯ ರಬ್ಬರ್ ಚಪ್ಪಲಿಯಲ್ಲಿ ಬರುತ್ತಾಳೆ. ಅವಳ ಕಾಲೂ ಕಾಲಲ್ಲವೇ?” ಎಂದರು.

“ನಿಮಗೆ ಬದಲಿಗೆ, ಅಮ್ಮಾ?”

“ನನಗೇನು, ಒಂದಿದೆಯಲ್ಲ!”

ಒಂದು ಸಾಲದು. ಅಂಚೆಯಲ್ಲಿ ಕಳುಹಿಸಲು ಇಂದು ಸಂಜೆ ಮತ್ತೆ ಆ ಟಿಬೆಟಿಯನ್ ಅಮ್ಮನ ಬಳಿಗೆ ಹೋಗಬೇಕಾಗಿದೆ. ಈ ಸಲ ಮೂರು ಜೊತೆ ಕೊಳ್ಳುತ್ತೇನೆ. ಅಮ್ಮನ ಸ್ವಭಾವ ನನಗೆ ಗೊತ್ತು.