ಎರೆಮಣ್ಣಿನ ದಾರಿಗೆ ಎರಡನೆಯ ಕೈಯ ಎಸ್‌ಯುವಿ

ಕಬ್ಬು ನುರಿಸುವ ಹಂಗಾಮು ಮುಗಿದು ಕಾರ್ಖಾನೆಯ ಹಣ ರೈತರ ಖಾತೆಗೆ ಬೀಳತೊಡಗಿದಾಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಎಷ್ಟೋ ಮನೆಗಳಲ್ಲಿ ಗಾಡಿಯ ಮಾತು ಏಳುತ್ತದೆ. ಹೊಸದನ್ನು ಕೊಳ್ಳಲು ಹಣ ಸಾಲದು, ಸಣ್ಣ ಕಾರು ಹೊಲದ ದಾರಿಗೆ ಒಗ್ಗದು. ಕೊನೆಗೆ ನೋಟ ನಿಲ್ಲುವುದು ನಾಲ್ಕಾರು ವರ್ಷ ಓಡಿದ ಕಾಂಪ್ಯಾಕ್ಟ್ ಎಸ್‌ಯುವಿಯ ಮೇಲೆ. ಘಟ್ಟದ ಓದುಗರಿಗೆ ಇದು ದೂರದ ಬಯಲಿನ ಸಂಗತಿ ಎನಿಸಬಹುದು. ಆದರೆ ಆ ಬಯಲಿನ ಕಬ್ಬಿಗೆ ಉಣಿಸುವ ಕೃಷ್ಣೆಯೂ ಘಟಪ್ರಭೆಯೂ ಸಹ್ಯಾದ್ರಿಯಲ್ಲೇ ಹುಟ್ಟುತ್ತವೆ. ಆ ಕಬ್ಬಿನಿಂದ ತೆಗೆದ ಎಥೆನಾಲ್ ಇಂದು ಮಲೆನಾಡಿನ ಪೆಟ್ರೋಲ್ ಬಂಕುಗಳಲ್ಲೂ ಹರಿಯುತ್ತಿದೆ. ಕೆಎ 48 ಫಲಕ ಹೊತ್ತ ಗಾಡಿಗಳು ರಜೆಯ ದಿನಗಳಲ್ಲಿ ಜೋಗ, ಯಾಣಗಳ ದಾರಿ ಹಿಡಿಯುವುದೂ ಅಪರೂಪವಲ್ಲ.

ಮೊದಲು ಈ ವಾಹನದ ಹುಟ್ಟನ್ನು ಅರಿಯಬೇಕು. ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರದ ಕಾರುಗಳಿಗೆ ತೆರಿಗೆ ರಿಯಾಯಿತಿ ದೊರೆತುದರಿಂದ ರೂಪುಗೊಂಡ ಆಕಾರವಿದು. ಬೆಟ್ಟ ಹತ್ತಲೆಂದೋ ಕೆಸರು ದಾಟಲೆಂದೋ ಮೂಡಿದ್ದಲ್ಲ. 2013ರ ಫೋರ್ಡ್ ಇಕೋಸ್ಪೋರ್ಟ್, 2016ರ ಮಾರುತಿ ವಿಟಾರಾ ಬ್ರೆಝಾ, 2017ರ ಟಾಟಾ ನೆಕ್ಸಾನ್, 2019ರ ಮಹೀಂದ್ರ ಎಕ್ಸ್‌ಯುವಿ300 ಮತ್ತು ಹ್ಯುಂಡೈ ವೆನ್ಯೂ, ಇವೆಲ್ಲವುಗಳಲ್ಲೂ ಎಂಜಿನ್ನಿನ ಶಕ್ತಿ ಮುಂದಿನ ಎರಡು ಗಾಲಿಗಳಿಗೆ ಮಾತ್ರ ಸಲ್ಲುತ್ತದೆ. ಮಲೆನಾಡಿನ ಮಣ್ಣಿನ ಏರಿನಲ್ಲಿ ಏದುಸಿರಿಡುತ್ತ ಸಾಗುವ ಹಳೆಯ ಜೀಪಿನ ಕುಲಕ್ಕೆ ಇವು ಸೇರುವುದಿಲ್ಲ. ಜಾಹೀರಾತುಗಳಲ್ಲಿ ಮಾತ್ರ ಬಂಡೆಯನ್ನೇರಿ ನಿಲ್ಲುತ್ತವೆ.

ಆದರೂ ಈ ಸೀಮೆಗೆ ಅವು ಒಪ್ಪುವುದಕ್ಕೆ ಕಾರಣವಿದೆ. ನೆಲದಿಂದ ಸುಮಾರು 200 ಮಿಲಿಮೀಟರ್ ಎತ್ತರವಿರುವ ಒಡಲು, ಕಬ್ಬಿನ ಟ್ರ್ಯಾಕ್ಟರುಗಳು ಹರಿದು ಹೊಂಡ ಬಿದ್ದ ರಸ್ತೆಯಲ್ಲಿ ತಳ ತಾಗದೆ ಸಾಗುತ್ತದೆ. ಮೊಣಕಾಲು ನೋವಿನ ಹಿರಿಯರು ಬಗ್ಗದೆ ಏರಿ ಕೂರಬಹುದು. ಬನಹಟ್ಟಿಯ ನೇಕಾರ ಸೀರೆಯ ಗಂಟುಗಳನ್ನು ಹಿಂದೆ ಹೇರಿಕೊಂಡು ಹೋಗಬಹುದು. ಮಹಾಲಿಂಗಪುರದ ಬೆಲ್ಲದ ಪೇಟೆಗೆ ನಾಲ್ವರು ಕೂಡಿ ಹೋಗಿಬರಬಹುದು. ಎತ್ತರದ ಆಸನದಿಂದ ಎದುರಿನ ದಾರಿ ಚೆನ್ನಾಗಿ ಕಾಣುತ್ತದೆ ಎಂಬುದೂ ನಿಜವೇ. ಆದರೆ ರಾತ್ರಿಯ ಹೊತ್ತು, ಹಿಂದೀಪವೂ ಪ್ರತಿಫಲಕ ಪಟ್ಟಿಯೂ ಇಲ್ಲದೆ ಎರಡೆರಡು ಟ್ರೇಲರ್ ಎಳೆದು ಸಾಗುವ ಕಬ್ಬಿನ ಗಾಡಿ ಎಷ್ಟು ಎತ್ತರದಿಂದ ನೋಡಿದರೂ ಕಾಣದು. ಅದಕ್ಕೆ ಬೇಕಾದುದು ಎತ್ತರವಲ್ಲ, ಕಡಿಮೆ ವೇಗ.

ಎರೆಮಣ್ಣಿನ ಪರೀಕ್ಷೆಯೇ ಬೇರೆ. ಬೇಸಿಗೆಯಲ್ಲಿ ಬಿರಿದು ಬಾಯಿ ತೆರೆಯುವ ಈ ಮಣ್ಣು ಮಳೆ ಬಿದ್ದರೆ ಅಂಟಾಗುತ್ತದೆ. ಗಾಲಿಯ ತೋಡುಗಳೆಲ್ಲ ತುಂಬಿ ಟೈರು ನುಣುಪಾದ ಮಣ್ಣಿನ ಉಂಡೆಯಾಗುತ್ತದೆ. ಆಗ ಒಡಲಿನ ಎತ್ತರ ಎಷ್ಟಿದ್ದರೇನು, ಮುಂಗಾಲಿಗಳು ಸುತ್ತುತ್ತಲೇ ಇರುತ್ತವೆ, ಗಾಡಿ ಮಾತ್ರ ಕದಲದು. ಕೆಸರಿನಲ್ಲಿ ಹೊಲದವರೆಗೆ ಕಾರು ಒಯ್ಯುವೆನೆಂದು ಹಣ ಕೊಟ್ಟವನು ಆಷಾಢದಲ್ಲಿ ಟ್ರ್ಯಾಕ್ಟರಿನ ಹಗ್ಗ ಕಾಯುತ್ತ ನಿಲ್ಲಬೇಕಾಗುತ್ತದೆ. 2014ರ ಸುಮಾರಿಗೆ ರೆನೋ ಡಸ್ಟರ್‌ನಲ್ಲಿ ನಾಲ್ಕೂ ಗಾಲಿಗೆ ಶಕ್ತಿ ಹರಿಯುವ ಮಾದರಿ ಬಂದಿತ್ತು. ಅದು ನಾಲ್ಕು ಮೀಟರಿನ ಮಿತಿ ಮೀರಿದ, ತುಸು ದೊಡ್ಡ ಗಾಡಿ. ಹಳೆಯ ಪೇಟೆಯಲ್ಲಿ ವಿರಳ. ಆ ಪೀಳಿಗೆಯ ಡಸ್ಟರ್ 2022ರಲ್ಲಿ ನಿಂತಿತು. ಫೋರ್ಡ್ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿದ ಮೇಲೆ ಇಕೋಸ್ಪೋರ್ಟಿನ ಬೆಲೆಯೂ ಇಳಿಯಿತು. ಗಟ್ಟಿ ಗಾಡಿ ಅಗ್ಗಕ್ಕೆ ದೊರೆಯುತ್ತದೆ ಎಂಬ ಮಾತಿನಲ್ಲಿ ಸತ್ಯವಿದ್ದರೂ ಬಿಡಿಭಾಗವೊಂದಕ್ಕಾಗಿ ಹುಬ್ಬಳ್ಳಿ, ಬೆಳಗಾವಿಗಳ ದಾರಿ ಕಾಯುವ ತಾಳ್ಮೆ ಇದ್ದವರಿಗೆ ಮಾತ್ರ ಅದು ಅಗ್ಗ. ಹಳೆಯ ಬ್ರೆಝಾದ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟ್‌ನಲ್ಲೂ ಇದ್ದುದರಿಂದ ತಾಲ್ಲೂಕು ಮಟ್ಟದ ಮೇಸ್ತ್ರಿಗಳ ಕೈಗೆ ಅದು ಪಳಗಿದೆ. ಹಳ್ಳಿಗನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ.

ಪರಿಸರದ ದೃಷ್ಟಿಯಿಂದ ಹಳೆಯ ಗಾಡಿಯ ಪರವಾಗಿ ಹೇಳಬಹುದಾದ ಬಲವಾದ ಮಾತೊಂದಿದೆ. ಒಂದು ಕಾರು ರಸ್ತೆಗಿಳಿಯುವ ಮೊದಲೇ ಅದರ ಉಕ್ಕು, ಅಲ್ಯೂಮಿನಿಯಂ, ರಬ್ಬರು, ಗಾಜುಗಳಿಗಾಗಿ ಗಣಿ ಅಗೆಯಲ್ಪಟ್ಟಿದೆ, ಕುಲುಮೆ ಉರಿದಿದೆ. ಕುದುರೆಮುಖ, ಸಂಡೂರುಗಳ ಕಥೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಯಾರಾದ ಗಾಡಿಯನ್ನು ಇನ್ನೂ ಎಂಟು ಹತ್ತು ವರ್ಷ ದುಡಿಸಿದರೆ ಆ ವೆಚ್ಚ ಹೆಚ್ಚು ದಿನಗಳಿಗೆ ಹಂಚಿಹೋಗುತ್ತದೆ. ಹೊಸದಕ್ಕೆ ಹಂಬಲಿಸುವ ಕಾಲದಲ್ಲಿ ಹಳೆಯದನ್ನು ರಿಪೇರಿ ಮಾಡಿ ಬಳಸುವುದು ಒಳ್ಳೆಯ ಗುಣವೇ ಹೌದು.

ಆದರೆ ಹೊಗೆಯ ಲೆಕ್ಕ ಇದಕ್ಕೆ ವಿರುದ್ಧವಾಗಿ ನಿಲ್ಲುತ್ತದೆ. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ಜಾರಿಯಾಯಿತು. ಅದಕ್ಕೂ ಮುಂಚಿನ ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿಯನ್ನೂ 250 ಮಿಲಿಗ್ರಾಂ ಸಾರಜನಕದ ಆಕ್ಸೈಡುಗಳನ್ನೂ ಉಗುಳಲು ನಿಯಮ ಬಿಟ್ಟಿತ್ತು. ಹೊಸ ಮಿತಿ 4.5 ಮತ್ತು 80 ಮಿಲಿಗ್ರಾಂ. ಅಂದರೆ ಹಳೆಯದೊಂದು ಡೀಸೆಲ್ ಗಾಡಿ ಹೊಸ ಐದು ಗಾಡಿಗಳಷ್ಟು ಮಸಿಯನ್ನು ಕಾನೂನುಬದ್ಧವಾಗಿಯೇ ಹೊರಹಾಕಬಹುದು. ದಿಲ್ಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿದಂದಿನಿಂದ ಅಲ್ಲಿನ ಗಾಡಿಗಳು ಬೇರೆ ರಾಜ್ಯಗಳತ್ತ ಹರಿದವು. ರಾಜಧಾನಿಯ ಶ್ವಾಸಕೋಶಕ್ಕೆ ಒಗ್ಗದ ಹೊಗೆ ಹಳ್ಳಿಯ ಮಗುವಿನ ಶ್ವಾಸಕೋಶಕ್ಕೆ ಒಗ್ಗುವುದೆಂದು ಯಾವ ವೈದ್ಯಶಾಸ್ತ್ರವೂ ಹೇಳಿಲ್ಲ. ಹೊಸ ಮಟ್ಟದ ಡೀಸೆಲ್ ಗಾಡಿ ಕೊಂಡರೂ ತೊಡಕು ತಪ್ಪದು: ಮಸಿ ಹಿಡಿದಿಡುವ ಸೋಸುಕ ಶುದ್ಧವಾಗಲು ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದ ದೀರ್ಘ ಓಟ ಬೇಕು. ಮನೆಯಿಂದ ಹೊಲಕ್ಕೆ, ಹೊಲದಿಂದ ಪೇಟೆಗೆ ಮೂರು ನಾಲ್ಕು ಕಿಲೋಮೀಟರು ತಿರುಗುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ.

ಹಾಗಾದರೆ ಪೆಟ್ರೋಲ್ ಗಾಡಿ? ಇಲ್ಲಿ ಕಬ್ಬಿನ ನಾಡು ತನ್ನನ್ನು ತಾನೇ ಸಂಧಿಸುತ್ತದೆ. ಬಂಕಿನಲ್ಲಿ ಈಗ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆತಿದೆ. ಈ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಸಮೀರವಾಡಿ, ಮುಧೋಳಗಳ ಕಾರ್ಖಾನೆಗಳು ಸಕ್ಕರೆಯ ಜೊತೆ ಎಥೆನಾಲನ್ನೂ ಬಟ್ಟಿ ಇಳಿಸುತ್ತವೆ. 2023ರ ಏಪ್ರಿಲ್‌ಗೆ ಮುಂಚಿನ ಕಾರುಗಳಲ್ಲಿ ಹೆಚ್ಚಿನವು ಇಷ್ಟು ಎಥೆನಾಲಿಗೆಂದು ಸಿದ್ಧವಾದವಲ್ಲ. ಅವುಗಳ ರಬ್ಬರ್ ಕೊಳವೆ, ಮುದ್ರೆಗಳು ಬೇಗ ಸವೆಯುವ ಸಾಧ್ಯತೆಯಿದೆ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಮಾರ್ಗನಕ್ಷೆಯೇ ಇಂಥ ಕಾರುಗಳ ಇಂಧನ ದಕ್ಷತೆ ಶೇಕಡಾ 6ರಿಂದ 7ರಷ್ಟು ಕುಸಿಯಬಹುದೆಂದು ಒಪ್ಪಿಕೊಂಡಿತ್ತು. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ತೆಗೆಯಲು ಸುಮಾರು 2,860 ಲೀಟರ್ ನೀರು ಬೇಕೆಂಬ ಲೆಕ್ಕವೂ ಅದೇ ವರದಿಯಲ್ಲಿದೆ.

ಲೀಟರಿಗೆ 15 ಕಿಲೋಮೀಟರ್ ಓಡುವ ಗಾಡಿಯೊಂದು ವರ್ಷಕ್ಕೆ 10,000 ಕಿಲೋಮೀಟರ್ ತಿರುಗಿತೆನ್ನೋಣ. 667 ಲೀಟರ್ ಇಂಧನ ಉರಿಯುತ್ತದೆ. ಅದರಲ್ಲಿ ಎಥೆನಾಲ್ 133 ಲೀಟರ್. ಅದೆಲ್ಲ ಕಬ್ಬಿನಿಂದಲೇ ಬಂದುದಾದರೆ ಸುಮಾರು ಎರಡು ಟನ್ ಕಬ್ಬು, 3 ಲಕ್ಷ 80 ಸಾವಿರ ಲೀಟರ್ ನೀರು. ಈಗ ದೇಶದ ಎಥೆನಾಲಿನ ದೊಡ್ಡ ಪಾಲು ಮೆಕ್ಕೆಜೋಳ, ಅಕ್ಕಿಗಳಿಂದ ಬರುತ್ತಿರುವುದರಿಂದ ಪ್ರತಿ ಹನಿಗೂ ಈ ಲೆಕ್ಕ ಹೊಂದದು. ಆದರೆ ಜಮಖಂಡಿಯ ರೈತನಿಗೆ ಈ ಸಂಖ್ಯೆ ಬರಿಯ ಸಂಖ್ಯೆಯಾಗಿ ತೋರಬಾರದು. ಸರ್ಕಾರ ಕೈಕಟ್ಟಿ ಕುಳಿತಾಗ ಇಲ್ಲಿನ ರೈತರು ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ತಮ್ಮದೇ ಹಣ, ಬೆವರು ಸುರಿಸಿ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂದೇ ಹೆಸರು. ಹಾಗೆ ದುಡಿದು ನಿಲ್ಲಿಸಿದ ನೀರು ಗಾಡಿಯ ಟ್ಯಾಂಕಿಗೂ ಹೋಗುತ್ತಿದೆ ಎಂಬುದನ್ನು ಕೊಳ್ಳುವವನು ಒಮ್ಮೆಯಾದರೂ ಯೋಚಿಸಬೇಕು. ಆ ನ್ಯಾಮಗೌಡರು ಶಾಸಕರಾಗಿದ್ದಾಗಲೇ 2018ರ ಮೇ 28ರಂದು ತುಳಸಿಗೇರಿಯ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡರು.

ಅಪಘಾತದ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಚಾಲಕನ ಏರ್‌ಬ್ಯಾಗು ಕಡ್ಡಾಯವಾದದ್ದು 2019ರ ಜುಲೈನಿಂದ; ಪಕ್ಕದವರದು 2021ರಿಂದೀಚೆಗೆ. ಅದಕ್ಕೂ ಮುಂಚಿನ ಕೆಳಹಂತದ ಮಾದರಿಗಳಲ್ಲಿ ಅದು ಇದ್ದೀತೆಂದು ಊಹಿಸುವಂತಿಲ್ಲ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನೆಕ್ಸಾನ್ 2018ರ ಆಗಸ್ಟ್‌ನಲ್ಲಿ ನಾಲ್ಕು ತಾರೆ, ಸುಧಾರಿಸಿದ ಮೇಲೆ ಡಿಸೆಂಬರಿನಲ್ಲಿ ಐದು ತಾರೆ ಪಡೆಯಿತು. ಅಂದರೆ ಒಂದೇ ಹೆಸರಿನ ಎರಡು ಗಾಡಿಗಳು ಒಂದೇ ಅಲ್ಲ. ತಯಾರಾದ ತಿಂಗಳನ್ನು ಕೇಳಿ ತಿಳಿಯಬೇಕು.

ಈ ಭಾಗದ ಕೊಳ್ಳುಗರು ಎಲ್ಲಕ್ಕಿಂತ ಹೆಚ್ಚಾಗಿ ಅಂಜಬೇಕಾದುದು ನೆರೆಯಲ್ಲಿ ಮುಳುಗೆದ್ದ ಗಾಡಿಗೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಮುಧೋಳ, ಜಮಖಂಡಿ ಸೀಮೆಯ ನದಿತೀರವನ್ನೆಲ್ಲ ಆವರಿಸಿದ್ದವು. ಸಾಂಗ್ಲಿ, ಕೊಲ್ಲಾಪುರ ನಗರಗಳು ದಿನಗಟ್ಟಲೆ ನೀರಿನಲ್ಲಿದ್ದವು. 2021ರ ಜುಲೈನಲ್ಲಿ ಮತ್ತೆ ಅದೇ ಆಯಿತು. ಘಟ್ಟದ ಕಾಡು ಬೋಳಾದಷ್ಟೂ ಬಯಲಿನ ನೆರೆಯ ವೇಗ ಹೆಚ್ಚುತ್ತದೆಂಬುದು ಈ ಓದುಗರಿಗೆ ಹೊಸ ಪಾಠವೇನಲ್ಲ. ಮುಳುಗಿದ ಕಾರನ್ನು ತೊಳೆದು, ಆಸನದ ಬಟ್ಟೆ ಬದಲಿಸಿ, ಸುಗಂಧ ಸಿಂಪಡಿಸಿದರೆ ಮೂರು ತಿಂಗಳಲ್ಲಿ ಅದು ಹೊಸ ಮದುಮಗಳಂತೆ ಪೇಟೆಗೆ ಬರಬಲ್ಲದು. ಆದರೆ ಕೆಸರು ಸುಳ್ಳು ಹೇಳುವುದಿಲ್ಲ. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದರೆ ಒಳಭಾಗದಲ್ಲಿ ನೀರಿನ ಗೆರೆ ಕಾಣುತ್ತದೆ. ಆಸನದ ಕೆಳಗಿನ ತಿರುಪುಗಳು ತುಕ್ಕು ಹಿಡಿದಿರುತ್ತವೆ. ಬಿಡಿ ಗಾಲಿಯ ಗುಂಡಿಯಲ್ಲಿ ನುಣ್ಣನೆಯ ಮೆಕ್ಕಲು ಉಳಿದಿರುತ್ತದೆ. ದೀಪದ ಗಾಜಿನೊಳಗೆ ಮಂಜು ಕಟ್ಟಿರುತ್ತದೆ. ವಿದ್ಯುತ್ ತಂತಿಗಳ ಕೀಲುಗಳಲ್ಲಿ ಸೇರಿದ ತೇವ ಒಂದೆರಡು ವರ್ಷದ ಬಳಿಕವೂ ಗಾಡಿಯನ್ನು ನಡುದಾರಿಯಲ್ಲಿ ನಿಲ್ಲಿಸಬಲ್ಲದು. ವಿಮಾ ಕಂಪನಿಯಿಂದ ಹಿಂದಿನ ಪರಿಹಾರದ ದಾಖಲೆ ಕೇಳಲು ಸಂಕೋಚಪಡುವ ಅಗತ್ಯವಿಲ್ಲ. ತೋರಿಸಲು ಹಿಂದೆಗೆಯುವ ಮಾರಾಟಗಾರನೇ ಒಂದು ಉತ್ತರ.

ಹಣದ ಮಾತಿಗೆ ಬಂದರೆ ಕಬ್ಬಿನಲ್ಲೇ ಅಳೆಯುವುದು ಲೇಸು. ರೈತರ ದೀರ್ಘ ಹೋರಾಟದ ಬಳಿಕ 2025ರ ನವೆಂಬರಿನಲ್ಲಿ ಸರ್ಕಾರ ಘೋಷಿಸಿದ ದರ ಟನ್ನಿಗೆ 3,300 ರೂಪಾಯಿ. ಐದು ಲಕ್ಷದ ಹಳೆಯ ಗಾಡಿಯೆಂದರೆ 150 ಟನ್ ಕಬ್ಬು. ಎಕರೆಗೆ 40 ಟನ್ ಇಳುವರಿ ಹಿಡಿದರೆ ನಾಲ್ಕು ಎಕರೆಯ ಒಂದು ವರ್ಷದ ಫಸಲು, ಅದೂ ಗೊಬ್ಬರ, ಆಳು, ಸಾಲಗಳ ಖರ್ಚು ಕಳೆಯದೆ. ವರ್ಷದ ಪೆಟ್ರೋಲಿಗೇ ಇನ್ನರ್ಧ ಎಕರೆ ಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದು ಹೊಸ ಗಾಡಿಗಳ ಬೆಲೆ ತಗ್ಗಿದೆ. ಹಳೆಯ ಗಾಡಿಗೆ ಅದಕ್ಕೂ ಮುಂಚಿನ ಬೆಲೆ ಹೇಳುವವನ ಜೊತೆ ಚೌಕಾಸಿ ಮಾಡಲೇಬೇಕು.

ಬೀಳಗಿಯ ಕಡೆಯ ಸಂಗತಿ ಇನ್ನೂ ಸೂಕ್ಷ್ಮವಾದುದು. ಆಲಮಟ್ಟಿಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಲ್ಲಿ ಮುಳುಗುವ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣ ಬೇಸಾಯವಾದರೆ 30 ಲಕ್ಷ ರೂಪಾಯಿ ನೀಡಲು ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ನಿರ್ಧರಿಸಿತು. ಪರಿಹಾರದ ಹಣ ಬಂದ ಊರಿಗೆ ಗಾಡಿಯ ದಲ್ಲಾಳಿ ಮೊದಲು ಬರುತ್ತಾನೆ. ಶರಾವತಿಯ ಮುಳುಗಡೆ ಕಂಡ ಮಲೆನಾಡಿಗರಿಗೆ ಹಣ ಕರಗುವ ವೇಗ ಗೊತ್ತು. ಹೊಲ ತಲೆಮಾರುಗಳಿಗೆ ಅನ್ನ ಕೊಟ್ಟಿತ್ತು. ಗಾಡಿಯ ಬೆಲೆಯಾದರೋ ಕೊಂಡ ಮರುದಿನದಿಂದಲೇ ಇಳಿಯತೊಡಗುತ್ತದೆ. ಮುಳುಗಡೆಯ ಹಣದಲ್ಲಿ ಮೊದಲು ಮಣ್ಣು ಕೊಳ್ಳಬೇಕು; ಗಾಡಿಯ ಮಾತು ಆಮೇಲೆ. ಇನ್ನೂ ಒಂದು: ಬೀಳಗಿ, ಮುಧೋಳ ತಾಲ್ಲೂಕುಗಳ ನಡುವಿನ ಯಡಹಳ್ಳಿಯ ಕುರುಚಲು ಕಾಡು ಚಿಂಕಾರಗಳ ವನ್ಯಧಾಮ. ಎತ್ತರದ ಗಾಡಿ ಕೈಗೆ ಬಂದಿತೆಂದು ರಾತ್ರಿ ದೀಪ ಹಾಯಿಸುತ್ತ ಅಲ್ಲಿಗೆ ನುಗ್ಗುವ ಹುಮ್ಮಸ್ಸು ಯುವಕರಿಗೆ ಬರಬಾರದು.

ಹಾಗೆಂದು ಗಾಡಿಯೇ ಬೇಡವೆನ್ನುವುದು ಪೇಟೆಯಲ್ಲಿ ಕುಳಿತವರ ಉಪದೇಶವಾದೀತು. 2010ರ ಸುಮಾರಿಗೆ ಮಂಜೂರಾದ ಬಾಗಲಕೋಟೆ–ಕುಡಚಿ ರೈಲುಮಾರ್ಗ ಇನ್ನೂ ಪೂರ್ತಿಯಾಗಿಲ್ಲ. ಸಾರಿಗೆ ಬಸ್ಸು ಹಗಲಿಗಿದೆ. ನಡುರಾತ್ರಿ ಹೆರಿಗೆ ನೋವು ಬಂದರೆ ಇಲ್ಲ. ಎರಡು ಮೂರು ಮನೆಗಳು ಕೂಡಿ ಬಳಸುವ, ನೆರೆ ಕಾಣದ, 2020ರ ನಂತರದ, ಹತ್ತಿರದಲ್ಲೇ ಮೇಸ್ತ್ರಿ ಸಿಗುವ ಒಂದು ಪೆಟ್ರೋಲ್ ಗಾಡಿ ಸದ್ಯಕ್ಕೆ ಕಡಿಮೆ ಕೆಡುಕಿನ ಆಯ್ಕೆ. ನಿತ್ಯದ ಓಡಾಟಕ್ಕೆ ಬಸ್ಸು, ಸೈಕಲ್ಲುಗಳೇ ಇರಲಿ.

ಕೊಳ್ಳುವುದೇ ನಿಶ್ಚಯವಾದರೆ ಕಾಗದಪತ್ರದಲ್ಲಿ ಉದಾಸೀನ ಸಲ್ಲದು. ಮಹಾರಾಷ್ಟ್ರದ ನೋಂದಣಿಯ ಗಾಡಿ ಮೀರಜ, ಸಾಂಗ್ಲಿಗಳಲ್ಲಿ ಅಗ್ಗವಾಗಿ ಕಂಡರೂ ಇಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಳ್ಳಲು ನಿರಾಕ್ಷೇಪಣಾ ಪತ್ರ ತಂದು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಿ, ಮರುನೋಂದಣಿ ಮಾಡಿಸಬೇಕು. ಆ ಮೊತ್ತ ಸೇರಿದಾಗ ಅಗ್ಗದ ಬಹುಪಾಲು ಕರಗಿರುತ್ತದೆ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂಬುದು ಮೋಟಾರು ವಾಹನ ಕಾಯ್ದೆಯ ನಿಯಮ. ಕೈಬರಹದ ಕರಾರಿಗೆ ರುಜು ಹಾಕಿ ಕೀಲಿ ಕೊಟ್ಟು ಮರೆಯುವುದು ಹಳ್ಳಿಗಳಲ್ಲಿ ರೂಢಿ. ಆದರೆ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿ ಹೆಸರಿರುವ ಮಾಲೀಕನೇ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ, ಗಾಡಿ ಆ ವೇಳೆಗೆ ನಾಲ್ಕು ಕೈ ದಾಟಿದ್ದರೂ ಸರಿಯೆ.