ನಾಗವಲ್ಲಿಯ ಚಿತ್ರಪಟಕ್ಕೆ ಶಾಪವಿದೆಯೇ? ದೆವ್ವದ ಸಿನಿಮಾ ಮತ್ತು ನಮ್ಮ ಭಯ

ಅರಸೀಕೆರೆ ಜಂಕ್ಷನ್‌ನಲ್ಲಿ ರೈಲಿಗೆ ಕಾಯುವಾಗಲೋ, ಬೇಲೂರಿನ ಬಸ್ಸಿನಲ್ಲಿ ಕೂತಾಗಲೋ ಇಂಥದ್ದೊಂದು ಮೆಸೇಜ್ ನಿಮ್ಮ ಮೊಬೈಲಿಗೂ ಬಂದಿರಬಹುದು: ‘ಆಪ್ತಮಿತ್ರದ ಸೌಂದರ್ಯ ಹೋದರು, ಆಪ್ತರಕ್ಷಕದ ವಿಷ್ಣುವರ್ಧನ್ ಹೋದರು. ಎರಡೂ ಬಿಡುಗಡೆಗೆ ಮೊದಲೇ. ಇದು ನಾಗವಲ್ಲಿಯ ಶಾಪ!’ ಇದರಲ್ಲಿ ನಿಜ ಎಷ್ಟು? ನೋಡೋಣ.

ನಡೆದದ್ದೇನು?

ಇಬ್ಬರ ಸಾವಿನ ಸಂಗತಿ ನಿಜ. ಸೌಂದರ್ಯ 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆ ಹೊರಟಿದ್ದರು. ಬೆಂಗಳೂರಿನ ಜಕ್ಕೂರಿನಿಂದ ಹಾರಿದ ಚಿಕ್ಕ ವಿಮಾನ ಕೆಲವೇ ಕ್ಷಣಗಳಲ್ಲಿ ನೆಲಕ್ಕಪ್ಪಳಿಸಿತು. ‘ಆಪ್ತಮಿತ್ರ’ ತೆರೆಗೆ ಬಂದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ‘ಆಪ್ತರಕ್ಷಕ’ 2010ರ ಫೆಬ್ರವರಿಯಲ್ಲಿ ಬಂತು. ಒಂದು ವಿಮಾನ ಅಪಘಾತ, ಇನ್ನೊಂದು ಹೃದಯಾಘಾತ. ನಡುವೆ ಐದೂವರೆ ವರ್ಷಕ್ಕೂ ಹೆಚ್ಚು ಅಂತರ.

ಮೆಸೇಜ್ ಹೇಳದೆ ಬಿಟ್ಟದ್ದೇನು?

ನಾಗವಲ್ಲಿಯ ಕಥೆಯ ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’. ಅದೇ ಕಥೆ ತಮಿಳಿನಲ್ಲಿ ‘ಚಂದ್ರಮುಖಿ’ (2005), ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ (2007) ಆಯಿತು. ಶೋಭನಾ, ಮೋಹನ್‌ಲಾಲ್, ರಜನಿಕಾಂತ್, ಜ್ಯೋತಿಕಾ, ವಿದ್ಯಾ ಬಾಲನ್ ಆಮೇಲೂ ನಟಿಸಿದರು. ಕನ್ನಡದ ಎರಡೂ ಚಿತ್ರಗಳನ್ನು ನಿರ್ದೇಶಿಸಿದ ಪಿ. ವಾಸು ತಮಿಳಿನ ‘ಚಂದ್ರಮುಖಿ’ಯನ್ನೂ ಮಾಡಿದರು, 2023ರಲ್ಲಿ ಅದರ ಎರಡನೇ ಭಾಗವನ್ನೂ ಮಾಡಿದರು. ಶಾಪವಿದ್ದಿದ್ದರೆ ಮೊದಲು ತಟ್ಟಬೇಕಾದದ್ದು ಅವರಿಗೆ! ಇನ್ನು, ಕಾಟ ಕೊಡುವ ಚಿತ್ರಪಟ ಎಂಬ ಕಲ್ಪನೆ ‘ಆಪ್ತರಕ್ಷಕ’ದ ಕಥೆಯಲ್ಲೇ ಇದೆ. ಪರದೆಯ ಮೇಲಿನ ಕಥೆಯನ್ನೇ ನಾವು ಸುದ್ದಿ ಮಾಡಿಕೊಂಡೆವು.

ಹೊಂದುವ ಎರಡು ಘಟನೆಗಳನ್ನು ಹಿಡಿದುಕೊಂಡು, ಹೊಂದದ ಹತ್ತನ್ನು ಮರೆಯುವುದು ನಮ್ಮ ಮಿದುಳಿನ ಹಳೆಯ ಅಭ್ಯಾಸ. ಅಮೆರಿಕದಲ್ಲೂ ‘ದಿ ಎಕ್ಸಾರ್ಸಿಸ್ಟ್’ (1973), ‘ಪೋಲ್ಟರ್‌ಗೈಸ್ಟ್’ (1982) ಚಿತ್ರಗಳಿಗೆ ಹೀಗೆಯೇ ಶಾಪದ ಕಥೆ ಅಂಟಿಕೊಂಡಿದೆ.

ದೆವ್ವದ ಸಿನಿಮಾ ಏನನ್ನು ತೋರಿಸುತ್ತದೆ?

ಒಂದು ಸಮಾಜ ಯಾವುದಕ್ಕೆ ಹೆದರುತ್ತದೋ ಅದೇ ಅದರ ದೆವ್ವದ ಸಿನಿಮಾದಲ್ಲಿ ಕಾಣುತ್ತದೆ. 1968ರ ಅಮೆರಿಕನ್ ಚಿತ್ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ನಲ್ಲಿ ರಾತ್ರಿಯಿಡೀ ಜೀವಂತ ಹೆಣಗಳಿಂದ ಪಾರಾದ ಕಪ್ಪು ನಾಯಕ, ಬೆಳಗ್ಗೆ ಬಿಳಿಯರ ಗುಂಡಿಗೆ ಬಲಿಯಾಗುತ್ತಾನೆ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದದ್ದೂ ಅದೇ ವರ್ಷ.

ನಮ್ಮಲ್ಲಿ? 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ದೆವ್ವ ನಿಜವಾದದ್ದು, ಅದರಿಂದ ಬಿಡುಗಡೆ ದೈವಕೃಪೆಯಿಂದ. 2004ರ ‘ಆಪ್ತಮಿತ್ರ’ದ ಹೊತ್ತಿಗೆ ಗಂಗಾಳ ಸಮಸ್ಯೆ ಮಾನಸಿಕ ಕಾಯಿಲೆ, ಅದನ್ನು ಗುರುತಿಸುವವನು ಮನೋವೈದ್ಯ. ಆದರೂ ಅವನಿಗೆ ಆಚಾರ್ಯರ ನೆರವು ಬೇಕು. ಆಸ್ಪತ್ರೆಗೂ ಹೋಗುವ, ತಾಯತವನ್ನೂ ಕಟ್ಟಿಸುವ ನಮ್ಮದೇ ಮನೆಗಳ ಕಥೆ ಇದಲ್ಲವೇ?

ಎರಡೂ ಚಿತ್ರಗಳಲ್ಲಿ ಕಾಡುವವಳು ಹೆಣ್ಣು ಎಂಬುದನ್ನೂ ಗಮನಿಸಿ. ಬೇಲೂರಿನ ಚೆನ್ನಕೇಶವ ದೇವಾಲಯದ ಒಳಗೆ ಕಂಬದಲ್ಲಿ ನಿಂತಿರುವ ಮೋಹಿನಿ ವಿಷ್ಣುವಿನ ರೂಪ, ಜನ ಕೈಮುಗಿಯುತ್ತಾರೆ. ಊರಿನ ಕಥೆಗಳಲ್ಲಿ ಅದೇ ಹೆಸರು ‘ಮೋಹಿನಿ ಕಾಟ’ವಾಗುತ್ತದೆ. ಅನ್ಯಾಯವಾಗಿ ಸತ್ತ ಹೆಣ್ಣು ತಿರುಗಿ ಬರುತ್ತಾಳೆ ಎಂಬ ಭಯದ ಹಿಂದೆ, ಆ ಅನ್ಯಾಯ ಮಾಡಿದವರು ನಾವೇ ಎಂಬ ಅಳುಕೂ ಇದೆ.

ಇದರಿಂದ ತೊಂದರೆ ಏನು?

‘ಕಾಯಿಲೆ, ದೆವ್ವವಲ್ಲ’ ಎಂದ ಸಿನಿಮಾವನ್ನೇ ನಾವು ದೆವ್ವದ ಸಾಕ್ಷಿ ಮಾಡಿಕೊಂಡಿದ್ದೇವೆ. ಮನೆಯಲ್ಲಿ ಒಬ್ಬ ಹೆಣ್ಣುಮಗಳು ಬೇರೆ ದನಿಯಲ್ಲಿ ಮಾತಾಡತೊಡಗಿದರೆ, ಅವಳನ್ನು ಮೊದಲು ಕರೆದೊಯ್ಯುವುದು ದೆವ್ವ ಬಿಡಿಸುವವರ ಬಳಿ ಎಂದಾದರೆ, ಏಟು ಬೀಳುವುದೂ ಚಿಕಿತ್ಸೆ ತಡವಾಗುವುದೂ ಅವಳಿಗೇ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸೆ ಕೊಡುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಇಂಥ ಸಂದರ್ಭದಲ್ಲಿ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ದೆವ್ವದ ಸಿನಿಮಾ ನೋಡಿ, ಹೆದರಿ, ಖುಷಿಪಡಿ. ಶಾಪದ ಮೆಸೇಜ್ ಬಂದರೆ ಮಾತ್ರ ಮುಂದಕ್ಕೆ ಕಳಿಸಬೇಡಿ. ಕಳಿಸಲೇಬೇಕು ಅನ್ನಿಸಿದರೆ, 14416 ಎಂಬ ಈ ಸಂಖ್ಯೆಯನ್ನು ಕಳಿಸಿ.