ಸಿಗಾರು ಪ್ರಿಯರು ಆಗಸ್ಟ್‌ನಲ್ಲಿ ಎಲ್ಲಿಗೆ ಹೋಗಬೇಕು?

ಕಳೆದ ತಿಂಗಳ ಸಭೆ ಮುಗಿದು ಕಾಫಿ ಲೋಟ ಕೆಳಗಿಡುವ ಹೊತ್ತಿಗೆ ನಮ್ಮ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಅಡಿಕೆ ಧಾರಣೆ ಕೇಳುತ್ತಾರೆ, ಇಲ್ಲವೇ ಗೊಬ್ಬರ ಯಾವಾಗ ಬರುತ್ತದೆಂದು ಕೇಳುತ್ತಾರೆ ಎಂದುಕೊಂಡೆವು. ಅವರು ಕೇಳಿದ್ದೇ ಬೇರೆ. "ಕಾರ್ಯದರ್ಶಿಗಳೇ, ಮಗ ಅಮೆರಿಕಕ್ಕೆ ಕರೆಸಿಕೊಳ್ಳುತ್ತಿದ್ದಾನೆ. ಆಗಸ್ಟ್ ಕೊನೆಗೆ ಅಲ್ಲಿರುತ್ತೇವೆ. ಒಂದು ವಾರ ಎಲ್ಲಿಗಾದರೂ ಹೋಗಿಬನ್ನಿ ಅನ್ನುತ್ತಾನೆ. ಜೀವಮಾನದಲ್ಲಿ ಒಂದು ಸಲ ಹವಾನಾ ನೋಡಿ, ಅಲ್ಲೇ ಕೂತು ಒಂದು ಸಿಗಾರು ಸೇದಬೇಕೆಂಬ ಆಸೆ. ಏನಂತೀರಿ?"

ನಮಗೂ ಭಾನುವಾರ ಸಂಜೆ ಒಂದು ಸಿಗಾರು ಸೇದುವ ಚಟ ಉಂಟೆಂಬುದು ಸಂಘದಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯವಲ್ಲ. ಮನೆಯಲ್ಲಿ ಅದಕ್ಕೆ ವಿರೋಧ ಉಂಟೆಂಬುದೂ ಗೊತ್ತು. ಆದ್ದರಿಂದ ಪ್ರಶ್ನೆ ಸರಿಯಾದ ಜಾಗಕ್ಕೇ ಬಂದಿತ್ತು. ನಾವು "ಹವಾನಾ ಬೇಡ" ಎಂದೆವು. ಅವರ ಮುಖ ಸಣ್ಣದಾಯಿತು. ಜೀಪು ಹತ್ತುವ ಅವಸರದಲ್ಲಿ ಕಾರಣ ಪೂರ್ತಿ ಹೇಳಲಾಗಲಿಲ್ಲ. ಮಕ್ಕಳು ಹೊರದೇಶದಲ್ಲಿರುವ ಸದಸ್ಯರು ಈಗ ಅನೇಕರಿರುವುದರಿಂದ ಅದನ್ನು ಇಲ್ಲಿಯೇ ಬರೆಯುತ್ತಿದ್ದೇವೆ. ಮಾತು ಸಿಗಾರಿನಿಂದ ಶುರುವಾದರೂ ಅಡಿಕೆಯವರೆಗೆ ಬರುತ್ತದೆ. ಸೇದದವರೂ ದಯವಿಟ್ಟು ಓದಬೇಕು.

ಅವರ ಬೇಸಿಗೆಯ ಕೊನೆ ಎಂದರೆ ನಮ್ಮ ಆಶ್ಲೇಷ, ಮಘೆ ಮಳೆಯ ಕಾಲ. ಅಡಿಕೆಗೆ ಎರಡನೆಯ ಸಲದ ಔಷಧಿ ಹೊಡೆದು ಮುಗಿದಿರುತ್ತದೆ, ಕಾಫಿ ಕೊಯ್ಲು ಇನ್ನೂ ದೂರ. ತೋಟದವನಿಗೆ ನಾಲ್ಕು ದಿನ ಊರು ಬಿಡಲು ಅನುಕೂಲವೆಂದರೆ ಇದೇ. ನಮಗೆ ಅನುಕೂಲವಾದ ಕಾಲ ಕ್ಯೂಬಾದ ಹೊಗೆಸೊಪ್ಪಿಗೆ ಅನುಕೂಲವಾದದ್ದಲ್ಲ ಎಂಬುದೇ ತೊಡಕು. ಜಗತ್ತಿಗೆ ಹೆಸರಾದ ಸಿಗಾರಿನ ಎಲೆ ಬೆಳೆಯುವುದು ಹವಾನಾ ಪಟ್ಟಣದಲ್ಲಲ್ಲ, ಅದರ ಪಶ್ಚಿಮಕ್ಕಿರುವ ಪಿನಾರ್ ದೆಲ್ ರಿಯೊ ಪ್ರಾಂತದ ವುಯೆಲ್ತಾ ಅಬಾಹೊ ಎಂಬ ಸೀಮೆಯಲ್ಲಿ. ಅಲ್ಲಿ ನಾಟಿ ಅಕ್ಟೋಬರ್ ನಂತರ. ಎಲೆ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಆಗಸ್ಟ್‌ನಲ್ಲಿ ಹೋದವನಿಗೆ ಕಾಣುವುದು ಕೆಂಪು ಮಣ್ಣು ಮತ್ತು ಖಾಲಿ ಮನೆಕೊಟ್ಟಿಗೆ. ಮೇ ತಿಂಗಳಲ್ಲಿ ನಮ್ಮ ಕಡೆಗೆ ಬರುವ ಬೆಂಗಳೂರಿನ ನೆಂಟರು ಕಾಫಿ ಗಿಡದ ಮುಂದೆ ನಿಂತು "ಹಣ್ಣೆಲ್ಲಿ?" ಎಂದು ಕೇಳುತ್ತಾರಲ್ಲ, ಹಾಗಾಗುತ್ತದೆ ನಮ್ಮ ಪಾಡು. ಸಿಗಾರಿನ ವ್ಯಾಪಾರಸ್ಥರಿಗೆ ಇದು ಗೊತ್ತು. ಕ್ಯೂಬಾ, ನಿಕರಾಗುವ, ಡೊಮಿನಿಕನ್ ಗಣರಾಜ್ಯ ಮೂರೂ ಕಡೆ ಸಿಗಾರಿನ ಉತ್ಸವಗಳು ವಾಡಿಕೆಯಂತೆ ನಡೆಯುವುದು ಜನವರಿ–ಫೆಬ್ರವರಿಯಲ್ಲಿ.

ಮೇಲಾಗಿ ಆ ಸಮುದ್ರದಲ್ಲಿ ಆಗಸ್ಟ್, ಸೆಪ್ಟೆಂಬರ್ ಎಂದರೆ ಚಂಡಮಾರುತದ ನಡುಗಾಲ. 2022ರ ಸೆಪ್ಟೆಂಬರ್ 27ರಂದು ಇಯಾನ್ ಎಂಬ ಚಂಡಮಾರುತ ನೇರವಾಗಿ ಪಿನಾರ್ ದೆಲ್ ರಿಯೊ ಮೇಲೆಯೇ ಬಂದು ಎಲೆ ಒಣಗಿಸುವ ಮನೆಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೆಡವಿತು. 2024ರ ಅಕ್ಟೋಬರ್‌ನಲ್ಲಿ ಇಡೀ ದ್ವೀಪದ ವಿದ್ಯುತ್ ಜಾಲವೇ ಕುಸಿದು ಜನ ದಿನಗಟ್ಟಲೆ ಕತ್ತಲಲ್ಲಿದ್ದರು. ಕರೆಂಟು ಹೋಗುವುದು ನಮಗೇನೂ ಹೊಸತಲ್ಲ, ಆದರೆ ಅದಕ್ಕಾಗಿ ಅರ್ಧ ಭೂಮಿ ಸುತ್ತಿ ಹೋಗಬೇಕಾಗಿಲ್ಲ.

ಹಾಗೆಂದು ಕ್ಯೂಬಾದ ಬೆಳೆಗಾರನ ಬಗ್ಗೆ ನಮಗೆ ಅಗೌರವವಿಲ್ಲ. ಅವನ ಕಥೆ ನಮ್ಮದರ ಹಾಗೆಯೇ ಉಂಟು. ಬೆಳೆದ ಎಲೆಯ ಬಹುಪಾಲನ್ನು ಸರಕಾರಕ್ಕೇ ಒಪ್ಪಿಸಬೇಕು, ಸರಕಾರ ಹೇಳಿದ್ದೇ ಬೆಲೆ. ಕಾಫಿಯನ್ನೆಲ್ಲ ಮಂಡಳಿಯ ಪೂಲ್‌ಗೆ ಹಾಕಿ ಕಂತಿನ ಹಣಕ್ಕಾಗಿ ಕಾಯುತ್ತಿದ್ದ ಕಾಲ 1990ರ ದಶಕದಲ್ಲಿ ಮುಗಿಯಿತಷ್ಟೆ. ನಮ್ಮ ವಯಸ್ಸಿನವರಿಗೆ ಅದನ್ನು ವಿವರಿಸಬೇಕಾಗಿಲ್ಲ. ರೋಗದ ವಿಷಯದಲ್ಲಿಯೂ ನಾವು ನೆಂಟರೇ. 1979–80ರಲ್ಲಿ ನೀಲಿ ಬೂಷ್ಟು ರೋಗ ಬಂದು ಕ್ಯೂಬಾದ ಹೊಗೆಸೊಪ್ಪಿನ ಬೆಳೆಯನ್ನು ಹೆಚ್ಚುಕಡಿಮೆ ಪೂರ್ತಿ ತಿಂದುಹಾಕಿತು. ಆ ರೋಗಾಣುವೂ ನಮ್ಮ ಅಡಿಕೆಯ ಕೊಳೆರೋಗದ್ದೂ ಒಂದೇ ಮೂಲದ ದಾಯಾದಿಗಳು. ತೇವವೇ ಎರಡಕ್ಕೂ ಜೀವ. 1910ರಲ್ಲಿ ಮೈಸೂರು ಸರಕಾರದ ಡಾಕ್ಟರ್ ಕೋಲ್ಮನ್ ಕೊಳೆರೋಗದ ಬಗ್ಗೆ ಬರೆದಾಗ ಸೂಚಿಸಿದ ಮೈಲುತುತ್ತು–ಸುಣ್ಣದ ದ್ರಾವಣವೂ ಫ್ರಾನ್ಸಿನಲ್ಲಿ ದ್ರಾಕ್ಷಿಗೆ ಬಂದಿದ್ದ ಇದೇ ಜಾತಿಯ ಬೂಷ್ಟಿಗಾಗಿ ಹುಟ್ಟಿದ್ದು. ಕ್ಯೂಬಾವನ್ನು ನೋಡಲೇಬೇಕು, ಫೆಬ್ರವರಿಯಲ್ಲಿ. ಆದರೆ ಫೆಬ್ರವರಿಯಲ್ಲಿ ನಮ್ಮ ಕಣದಲ್ಲಿ ಕಾಫಿ ಇರುತ್ತದೆ!

ನಿಕರಾಗುವದ ಎಸ್ತೆಲಿ ಇನ್ನೊಂದು ಆಯ್ಕೆ. ಕ್ಯೂಬಾದ ಕ್ರಾಂತಿಯ ನಂತರ ದೇಶ ಬಿಟ್ಟ ಕುಟುಂಬಗಳಲ್ಲಿ ಕೆಲವು ಅಲ್ಲಿ ನೆಲೆ ಹಿಡಿದವು. ಇಂದು ಅಮೆರಿಕಕ್ಕೆ ಹೋಗುವ ಕೈಸುತ್ತಿನ ಒಳ್ಳೆಯ ಸಿಗಾರುಗಳಲ್ಲಿ ದೊಡ್ಡ ಪಾಲು ಆ ದೇಶದ್ದು. ಕಾರ್ಖಾನೆಯಲ್ಲಿ ಸಿಗಾರು ಸುತ್ತುವುದನ್ನು ವರ್ಷವಿಡೀ ನೋಡಬಹುದು, ಹತ್ತಿರದ ಹಿನೊಟೆಗ, ಮತಗಲ್ಪ ಬೆಟ್ಟಗಳಲ್ಲಿ ಕಾಫಿಯೂ ಉಂಟು. ನಮ್ಮವರಿಗೆ ಹೇಳಿಮಾಡಿಸಿದ ಊರೇ ಸರಿ. ಆದರೆ ಅಲ್ಲಿಯೂ ಆಗಸ್ಟ್ ಮಳೆಗಾಲ. 2018ರ ಗಲಭೆಗಳ ನಂತರ ಆ ದೇಶದ ರಾಜಕೀಯವೂ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಸುತ್ತಲು ಧೈರ್ಯ ಕೊಡುವಂಥದ್ದಲ್ಲ.

ಹಾಗಾದರೆ ಆಗಸ್ಟ್ ಕೊನೆಗೆ ಸಿಗಾರಿನ ಎಲೆ ಹೊಲದಲ್ಲಿ ನಿಂತಿರುವುದು ಎಲ್ಲಿ? ಅಮೆರಿಕದ ಈಶಾನ್ಯಕ್ಕೆ, ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ. ವಿಂಡ್ಸರ್, ಸಫೀಲ್ಡ್, ಸಿಮ್ಸ್‌ಬರಿ ಎಂಬ ಸಣ್ಣ ಊರುಗಳು. ಸೇದುವವರಲ್ಲಿಯೇ ಅನೇಕರಿಗೆ ಇದು ಗೊತ್ತಿಲ್ಲ. ನಮಗೂ ಗೊತ್ತಾದದ್ದು 2023ರಲ್ಲಿ. ಮಗಳ ಬಾಣಂತನಕ್ಕೆ ಮನೆಯವರು ಹಾರ್ಟ್‌ಫರ್ಡ್‌ಗೆ ಹೋದರು. ಸೂಟ್‌ಕೇಸ್ ಎತ್ತಲು ಜೊತೆಗೆ ನಾವು. ಮಗು ಇರುವ ಮನೆಯ ಒಳಗೂ ಹೊರಗೂ ಸಿಗಾರಿಗೆ ಪೂರ್ಣ ನಿಷೇಧವಾಗಿದ್ದರಿಂದ ಅಳಿಯಂದಿರ ಕಾರಿನಲ್ಲಿ ಊರು ಸುತ್ತುವುದೇ ನಮ್ಮ ಉದ್ಯೋಗವಾಗಿತ್ತು. ವಿಂಡ್ಸರ್ ಕಡೆ ಹೋಗುವಾಗ ಮರಗಳ ಸಂದಿನಲ್ಲಿ ಬೆಳ್ಳಗೆ ಕೆರೆಯಂತೆ ಏನೋ ಕಂಡಿತು. ಇಳಿದು ನೋಡಿದರೆ ಬಟ್ಟೆ! ಕಂಬ ನೆಟ್ಟು, ತಂತಿ ಎಳೆದು, ಎಕರೆಗಟ್ಟಲೆ ಹೊಲದ ಮೇಲೆ ಚಪ್ಪರ ಹಾಕಿದಂತೆ ಹೊದಿಸಿದ್ದಾರೆ. ಒಳಗೆ ಆಳೆತ್ತರ ಮೀರಿದ ಹೊಗೆಸೊಪ್ಪು.

ಈ ಬಟ್ಟೆಯ ಕಥೆಯನ್ನು ಕಾಫಿಯವರು ಕೇಳಬೇಕು. ಸಿಗಾರಿಗೆ ಮೂರು ಬಗೆಯ ಎಲೆ ಬೇಕು: ಒಳಗೆ ತುಂಬುವುದು, ಅದನ್ನು ಕಟ್ಟುವುದು, ಎಲ್ಲಕ್ಕೂ ಹೊರಗೆ ಹೊದಿಸುವುದು. ಹೊದಿಕೆಯ ಎಲೆ ತೆಳ್ಳಗೆ, ನುಣ್ಣಗೆ, ತೂತಿಲ್ಲದೆ ಇರಬೇಕು. ಬೆಲೆ ಹೆಚ್ಚು ಸಿಗುವುದು ಅದಕ್ಕೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸುಮಾತ್ರದಿಂದ ಬಂದ ತೆಳು ಎಲೆ ಕಣಿವೆಯ ಬೆಳೆಗಾರರ ಮಾರುಕಟ್ಟೆಯನ್ನು ಕಸಿಯಿತು. ಅವರು ಗೋಳಾಡುತ್ತ ಕೂರಲಿಲ್ಲ. ಸುಮಾತ್ರದ ಬೆಚ್ಚಗಿನ ತೇವದ ನೆರಳನ್ನು ತಮ್ಮ ಹೊಲದಲ್ಲಿಯೇ ಮಾಡಿಕೊಳ್ಳೋಣವೆಂದು 1900ರ ಹೊತ್ತಿಗೆ ಹೊಲಕ್ಕೇ ಬಟ್ಟೆ ಹೊದಿಸಿದರು. ನಮಗೆ ನೆರಳೆಂದರೆ ಸಿಲ್ವರ್, ಹಲಸು, ಅತ್ತಿ. ಮರಗಸಿಗೆ ಆಳು ಸಿಕ್ಕರೆ ಸಾಕು. ಅವರಿಗೆ ಪ್ರತಿ ಎಕರೆಯ ನೆರಳನ್ನೂ ದುಡ್ಡು ಕೊಟ್ಟು ತರಬೇಕು. ಎಲೆಯನ್ನು ಬುಡದಿಂದ ಮೇಲಕ್ಕೆ, ಹಣ್ಣಾದಂತೆ ಎರಡು ಮೂರರಂತೆ ಸುತ್ತು ಸುತ್ತಾಗಿ ಕೈಯಿಂದ ಬಿಡಿಸುತ್ತಾರೆ. ಒಂದೇ ಸಲಕ್ಕೆ ಉಜ್ಜಿ ತೆಗೆಯುವುದಿಲ್ಲ. ನಮ್ಮಲ್ಲಿ ಹಣ್ಣು ಆರಿಸಿ ಕೊಯ್ಯುವವರಿಗೆ ಅದರ ಕಷ್ಟ ಗೊತ್ತು. ಆಮೇಲೆ ದಾರಕ್ಕೆ ಪೋಣಿಸಿ ಉದ್ದನೆಯ ಮರದ ಕೊಟ್ಟಿಗೆಗಳಲ್ಲಿ ತೂಗುಹಾಕುತ್ತಾರೆ. ಗಾಳಿ ಬೇಕಾದಾಗ ತೆರೆಯಲು, ಬೇಡವಾದಾಗ ಮುಚ್ಚಲು ಕೊಟ್ಟಿಗೆಯ ಗೋಡೆಯ ಹಲಗೆಗಳಿಗೇ ಕೀಲು. ಹುಣಸೂರು, ಪಿರಿಯಾಪಟ್ಟಣದಲ್ಲಿ ಬ್ಯಾರನ್‌ಗೆ ಸೌದೆ ಉರಿಸಿ ಬೇಯಿಸುವುದು ಸಿಗರೇಟಿನ ಎಲೆ. ಆ ವಿದ್ಯೆಯೇ ಬೇರೆ. ಇಲ್ಲಿ ಎಲೆ ವಾರಗಟ್ಟಲೆ ತೂಗಿ ತಾನಾಗಿ ಕಂದುತ್ತದೆ. ನಂತರ ರಾಶಿ ಹಾಕಿದರೆ ಗೊಬ್ಬರದ ಗುಂಡಿಯ ಹಾಗೆ ಒಳಗೇ ಕಾವು ಏಳುತ್ತದೆ, ರಾಶಿ ಮಗುಚುತ್ತಾರೆ. ಆ ಕೊಟ್ಟಿಗೆಯೊಳಗೆ ನಿಂತು ತೆಗೆದ ಒಂದು ಉಸಿರು ಇಪ್ಪತ್ತು ಸಿಗಾರಿಗೆ ಸಮ, ಮನೆಯವರ ಆಕ್ಷೇಪಣೆಯೂ ಇಲ್ಲ.

ಆ ಹೊಲಗಳಲ್ಲಿ ದುಡಿದವರು ಯಾರು ಎಂಬುದೂ ನೆನಪಿಡುವ ವಿಷಯ. ಜಮೈಕಾದವರು, ಪೋರ್ಟೊ ರಿಕೋದವರು, ಬೇಸಿಗೆ ರಜೆಯಲ್ಲಿ ದಕ್ಷಿಣದ ಕರಿಯ ವಿದ್ಯಾರ್ಥಿಗಳು. 1944ರ ಬೇಸಿಗೆಯಲ್ಲಿ ಸಿಮ್ಸ್‌ಬರಿಯ ಹೊಗೆಸೊಪ್ಪಿನ ಹೊಲಕ್ಕೆ ಬಂದವರಲ್ಲಿ ಹದಿನೈದು ವರ್ಷದ ಮಾರ್ಟಿನ್ ಲೂಥರ್ ಕಿಂಗ್ ಒಬ್ಬರು. ಇಲ್ಲಿ ಬಿಳಿಯರ ಜೊತೆ ಒಂದೇ ಹೋಟೆಲಿನಲ್ಲಿ ಕೂತು ಊಟ ಮಾಡಬಹುದೆಂದು ಅವರು ಆಶ್ಚರ್ಯದಿಂದ ಮನೆಗೆ ಕಾಗದ ಬರೆದರು. 2021ರಲ್ಲಿ ಊರಿನ ಜನ ಮತ ಹಾಕಿ ಆ ಜಮೀನನ್ನು ಉಳಿಸಿಕೊಂಡರು.

ಆದರೆ ಉಳಿದದ್ದು ಕಡಿಮೆ. 1920ರ ಹೊತ್ತಿಗೆ ಆ ಒಂದು ರಾಜ್ಯದಲ್ಲಿಯೇ ಸುಮಾರು 30 ಸಾವಿರ ಎಕರೆ ಹೊಗೆಸೊಪ್ಪಿತ್ತು. ಇಂದು ಉಳಿದಿರುವುದು ಅದರಲ್ಲಿ ಸಣ್ಣ ತುಣುಕು. ನಾವು ಒಂದು ಅಂಗಡಿಗೆ ಹೋಗಿ ಈ ಕಣಿವೆಯ ಎಲೆ ಹೊದಿಸಿದ ಸಿಗಾರು ಕೊಡಿ ಎಂದೆವು. ಮಾರುವಾತ ಪಟ್ಟಿಯ ಮೇಲೆ ಕನೆಕ್ಟಿಕಟ್ ಎಂದು ಬರೆದಿದ್ದ ಪೆಟ್ಟಿಗೆಗಳನ್ನು ತೋರಿಸಿದ. ವಿಚಾರಿಸಿದರೆ ಅವುಗಳಲ್ಲಿ ಹೆಚ್ಚಿನದರ ಎಲೆ ಈಕ್ವೆಡಾರ್‌ನದು! ಬೀಜ ಮಾತ್ರ ಕನೆಕ್ಟಿಕಟ್. ಈಕ್ವೆಡಾರ್‌ನ ಆ ತಪ್ಪಲಿನಲ್ಲಿ ಮೋಡವೇ ಚಪ್ಪರ. ಬಟ್ಟೆಯ ಖರ್ಚಿಲ್ಲ, ಕೂಲಿಯೂ ಕಡಿಮೆ. ನಾಲ್ಕೈದು ಮೈಲಿಯಾಚೆ ಬೆಳೆಗಾರ ಬಟ್ಟೆ ಕಟ್ಟುತ್ತಿದ್ದಾನೆ, ಅವನ ಊರಿನ ಹೆಸರು ಬೇರೆಯವರ ಎಲೆಗೆ ಅಂಟಿಕೊಂಡು ಅವನ ಊರಿಗೇ ಮಾರಾಟಕ್ಕೆ ಬಂದಿದೆ. ಬೀಜ ಹೋಯಿತೆಂದು ದೂರುವ ಮುಖ ನಮಗಿಲ್ಲ. ಬಾಬಾಬುಡನ್ ಏಳು ಬೀಜ ತಂದರೆಂಬ ಕಥೆ ಹೇಳಿಕೊಂಡು ಬದುಕುವವರು ನಾವು. ಹೆಸರು ಹೋದದ್ದು ಬೇರೆ ಮಾತು. ಕ್ಯೂಬಾದವರು ಹಬಾನೋ ಎಂಬ ಹೆಸರಿಗೆ ಕಾನೂನಿನ ಬೇಲಿ ಹಾಕಿಸಿದರು. ನಮ್ಮ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೂ ಶಿರಸಿ ಸುಪಾರಿಗೂ 2019ರಲ್ಲಿ ಭೌಗೋಳಿಕ ಗುರುತು ಬಂದಿದೆ. ಆ ಕಾಗದವನ್ನು ಬೀರುವಿನಲ್ಲಿಟ್ಟು ಮೊದಲಿನಂತೆ ಕಲಬೆರಕೆ ಮೂಟೆ ಮಾರುತ್ತಿರುವ ಸಂಘಗಳ ಪೈಕಿ ನಮ್ಮದೂ ಒಂದು. ಕಾರ್ಯದರ್ಶಿಯಾಗಿ ಅದರ ಹೊಣೆ ನಮ್ಮದೇ. ಮುಂದಿನ ಮಹಾಸಭೆಯಲ್ಲಿ ಕೇಳಿದರೆ ಉತ್ತರ ಕೊಡಬೇಕಾಗುತ್ತದೆ, ಕೇಳಿ.

ಬಟ್ಟೆ ಬಿಗಿಯುತ್ತಿದ್ದ ಮುದುಕ ಬೆಳೆಗಾರನೊಬ್ಬನೊಡನೆ ಅಳಿಯಂದಿರ ನೆರವಿನಿಂದ ಅರ್ಧ ಗಂಟೆ ಮಾತಾಡಿದೆವು. ನೀವೇನು ಬೆಳೆಯುತ್ತೀರಿ ಎಂದು ಕೇಳಿದ. ಕಾಫಿ ಎಂದಾಗ ತಲೆದೂಗಿದ. ಅಡಿಕೆ ಎಂದರೇನೆಂದು ವಿವರಿಸಿದೆವು: ಮರದ ಕಾಯಿ, ಬೇಯಿಸಿ ಒಣಗಿಸುತ್ತೇವೆ, ಜನ ಅಗಿಯುತ್ತಾರೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟರುಗಳು ಅದಕ್ಕೆ ಏನೆನ್ನುತ್ತಾರೆ?" ನಾವು ನಕ್ಕೆವು, ಅವನೂ ನಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2003ರಲ್ಲಿಯೇ ಅಡಿಕೆಯನ್ನು ಹೊಗೆಸೊಪ್ಪಿನ ಪಂಕ್ತಿಯಲ್ಲೇ ಕೂರಿಸಿದೆ. ನಮ್ಮ ಸಭೆಗಳಲ್ಲಿ ಆ ಮಾತೆತ್ತಿದವರನ್ನು ಅಡಿಕೆಯ ಶತ್ರು ಎಂದು ಕರೆದು ಕೂರಿಸುತ್ತೇವೆ. ಹೀಗೆ ಕೂಗಿದವರಲ್ಲಿ ನಾವೂ ಇದ್ದೆವು. ಅತ್ತ ಬಯಲುಸೀಮೆಯಲ್ಲಿ ಗದ್ದೆ ಮುಚ್ಚಿ ಅಡಿಕೆ ಸಸಿ ಇಡುವುದು ನಿಂತಿಲ್ಲ. ಆ ಕಣಿವೆಯಲ್ಲಿ ಬಳಕೆಯಿಲ್ಲದ ಕೊಟ್ಟಿಗೆಗಳು ಸಾಲಾಗಿ ವಾಲಿ ನಿಂತಿವೆ. ಹೊಲಗಳ ಮೇಲೆ ಮನೆಗಳು, ಗೋದಾಮುಗಳು ಎದ್ದಿವೆ. ವಿಂಡ್ಸರ್‌ನಲ್ಲಿ ಹೊಗೆಸೊಪ್ಪಿನದೇ ಒಂದು ವಸ್ತುಸಂಗ್ರಹಾಲಯವುಂಟು. ಪೋಣಿಸುವ ಸೂಜಿ, ಎಲೆಯ ಬುಟ್ಟಿ, ಹಳೆಯ ಚಿತ್ರಗಳನ್ನೆಲ್ಲ ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ಅಲ್ಲಿ ನಿಂತಿದ್ದಾಗ ನಮ್ಮ ಮನೆಯ ಅಟ್ಟದ ಮೇಲಿರುವ ಮೆಟ್ಟುಗತ್ತಿಗಳು ಕಣ್ಣ ಮುಂದೆ ಬಂದವು.

ಆದ್ದರಿಂದ ಆ ಸದಸ್ಯರಿಗೆ ನಮ್ಮ ಸಲಹೆ: ಮಗನಿಗೆ ಹೇಳಿ ಹಾರ್ಟ್‌ಫರ್ಡ್‌ಗೆ ಟಿಕೆಟ್ ತೆಗೆಸಿ. ಆಗಸ್ಟ್ ಮುಗಿಯುವ ಮೊದಲೇ ಹೋಗಿ, ಸೆಪ್ಟೆಂಬರ್ ನಡೆದಂತೆ ಬಟ್ಟೆ ಇಳಿಸಲು ಶುರುಮಾಡುತ್ತಾರೆ. ಬೆಳೆಗಾರರೆಂದು ಪರಿಚಯ ಹೇಳಿಕೊಳ್ಳಿ. ಪ್ರವಾಸಿಗೆ ತೆರೆಯದ ಕೊಟ್ಟಿಗೆ ಬೆಳೆಗಾರನಿಗೆ ತೆರೆಯುತ್ತದೆ. ಸಿಗಾರು ಕೊಳ್ಳುವಾಗ ಎಲೆ ಎಲ್ಲಿಯದೆಂದು ಕೇಳಿ. ಬರುವಾಗ 2016ರ ಬ್ಯಾಗೇಜ್ ನಿಯಮದ ಪ್ರಕಾರ ಸುಂಕವಿಲ್ಲದೆ ತರಬಹುದಾಗಿದ್ದದ್ದು 25 ಸಿಗಾರು. ಅದಕ್ಕಿಂತ ಹೆಚ್ಚು ತಂದರೂ ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದುಹೋಗುತ್ತದೆ, ನಾವು ಒಂದು ಪೆಟ್ಟಿಗೆ ಹಾಗೆ ಕಳೆದುಕೊಂಡಿದ್ದೇವೆ.

ಮೊನ್ನೆ ಅವರು ಡಿಪೋದಲ್ಲಿ ಸಿಕ್ಕರು. ಟಿಕೆಟ್ ಹಾರ್ಟ್‌ಫರ್ಡ್‌ಗೇ ಆಯಿತಂತೆ. ಮಳೆ ಹೀಗೇ ಹಿಡಿದರೆ ಅಡಿಕೆಗೆ ಮೂರನೆಯ ಸಲದ ಔಷಧಿ ಬೇಕಾಗುತ್ತದೆ, ಆಗ ಕೊನೆಗಾರನನ್ನು ಹಿಡಿದು ಹೊಡೆಸುವವರು ಯಾರು ಎಂಬುದು ಈಗ ಅವರ ಚಿಂತೆ. ನಾವು ನೋಡಿಕೊಳ್ಳುತ್ತೇವೆಂದು ಒಪ್ಪಿಕೊಂಡಿದ್ದೇವೆ, ಎರಡು ಸಿಗಾರಿನ ಕರಾರಿನ ಮೇಲೆ.